ದನದ ಹಿಂಡಿಯಲ್ಲ ಅಮ್ಮಾ, ಪೆಲೆಟ್!

"ಇದೆಂತ ಮಾರಾಯಾ, ದನಕ್ಕೆ ಹಾಕುವ ಹಿಂಡಿ ತಂದಿದ್ದೀಯಾ?"

ಕಳೆದ ಜೂನ್‌ನಲ್ಲಿ ಬೆಂಗಳೂರಿನಿಂದ ಅಜೆಕಾರಿಗೆ ಹೋದಾಗ ಕಾರಿನ ಡಿಕ್ಕಿಯಿಂದ ನಾನು ಇಳಿಸಿದ ಚೀಲ ನೋಡಿ ಅಮ್ಮ ಕೇಳಿದ್ದು. ನೋಡಲಿಕ್ಕೆ ಹಾಗೇ ಉಂಟು, ಸುಳ್ಳಲ್ಲ. ಮರದ ಹುಡಿಯನ್ನು ಒತ್ತಿ ಮಾಡಿದ ಬೆರಳುದ್ದದ ಕಡ್ಡಿಗಳು.

ತಂದದ್ದು ಶೋಕಿಗಲ್ಲ. ಮಳೆ ಜೋರಾದ್ರೆ ನಮ್ಮಲ್ಲಿ ಕರೆಂಟ್ ಇರೋದಿಲ್ಲ, ಗೀಸರ್ ಇದ್ದೂ ಇಲ್ಲದ ಹಾಗೆ. ಬಚ್ಚಲ ಹಂಡೆಗೆ ಕಟ್ಟಿಗೆಯೇ ಗತಿ. ಆ ಕಟ್ಟಿಗೆಯೂ ತೇವ. ಊದಿ ಊದಿ ಅಮ್ಮನಿಗೆ ಕೆಮ್ಮು ಹಿಡಿದಿತ್ತು. ಹೊಗೆಯಿಂದ ದೂರ ಇರಿ ಅಂತ ಡಾಕ್ಟ್ರು ಹೇಳಿದ್ರು. ದೂರ ಇದ್ದು ಹಂಡೆಗೆ ಬೆಂಕಿ ಹಾಕೋದು ಹೇಗೆ? ಅದಕ್ಕೇ ಬ್ಯಾಟರಿ ಫ್ಯಾನ್ ಇರುವ ಪುಟ್ಟ ಪೆಲೆಟ್ ಒಲೆ ತಗೊಂಡೆ. ಇದೇನೂ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದ 'ಊರ್ಜಾ' ಒಲೆ 2006ರ ಹೊತ್ತಿಗೇ ಬಂದಿತ್ತು.

ಮೊದಲ ದಿನವೇ ಮರ್ಯಾದೆ ಹೋಯ್ತು. ನೀರು ಉಗುರುಬೆಚ್ಚಗಾಗುವಷ್ಟರಲ್ಲಿ ಬೆಂಕಿ ಮಂಕು. ಒಲೆ ತುಂಬ ಗಟ್ಟಿ ಬೂದಿ, ಬಚ್ಚಲು ತುಂಬ ಹೊಗೆ. ಅಮ್ಮ ಮತ್ತೆ ಕೆಮ್ಮಿದ್ರು. ಚೀಲದ ಮೇಲೆ ಮಾತ್ರ 'ಶುದ್ಧ ಮರ' ಅಂತ ಬರೆದಿತ್ತು.

ತಪ್ಪು ಒಲೆಯದ್ದಲ್ಲ, ಪೆಲೆಟ್‌ನದ್ದು. ಆಮೇಲೆ ಕಲಿತದ್ದನ್ನು ಇಲ್ಲಿ ಹೇಳ್ತೇನೆ. ಎಲ್ಲ ಅಡುಗೆಮನೆಯ ಸಾಮಾನಿನಲ್ಲೇ ಆಗುತ್ತೆ.

ಹುಡಿ: ಚೀಲದ ತಳಕ್ಕೆ ಕೈ ಹಾಕಿ. ಬೊಗಸೆಗಟ್ಟಲೆ ಹುಡಿ ಬಂದ್ರೆ ಬೇಡ ಅನ್ನಿ. ಹುಡಿ ಜಾಸ್ತಿಯಾದ್ರೆ ಗಾಳಿಗೆ ದಾರಿ ಇಲ್ಲ, ಹೊಗೆ ಗ್ಯಾರಂಟಿ. ಯುರೋಪಿನ 'ಇಎನ್‌ಪ್ಲಸ್' ಗುಣಮಟ್ಟದಲ್ಲಿ ಚೀಲದ ಪೆಲೆಟ್‌ಗೆ ಹುಡಿಯ ಮಿತಿ ಬರೀ 0.5%.

ಮುರಿಯೋದು: ಒಳ್ಳೆ ಪೆಲೆಟ್‌ನ ಮೈ ನಯ, ಸ್ವಲ್ಪ ಹೊಳಪು. ಮುರಿದ್ರೆ 'ಟಕ್' ಅನ್ನಬೇಕು. ಬೆರಳಲ್ಲೇ ಪುಡಿಯಾದ್ರೆ ಒಂದೋ ಸರಿ ಒತ್ತಿಲ್ಲ, ಇಲ್ಲಾ ತೇವ ಕುಡಿದಿದೆ. ತೇವಾಂಶ 10% ದಾಟಬಾರದು.

ನೀರು: ನಾಲ್ಕು ಪೆಲೆಟ್ ಲೋಟದ ನೀರಿಗೆ ಹಾಕಿ. ಚೆನ್ನಾಗಿ ಒತ್ತಿದ್ದು ಮುಳುಗುತ್ತೆ, ಆಮೇಲೆ ಉಬ್ಬಿ ಮರದ ಹುಡಿಯಾಗಿ ಬಿಚ್ಚಿಕೊಳ್ಳುತ್ತೆ. ಬಿಸಿ ಮತ್ತು ಒತ್ತಡಕ್ಕೆ ಮರದೊಳಗಿನ ಲಿಗ್ನಿನ್ನೇ ಅಂಟಾಗಿ ಹಿಡಿದುಕೊಂಡಿರುತ್ತೆ. ತಳದಲ್ಲಿ ಮರಳು, ಪ್ಲಾಸ್ಟಿಕ್ ಚೂರು ಕಂಡ್ರೆ ಕಲಬೆರಕೆ.

ಮೂಗು: ಮರದ ವಾಸನೆ ಬರಬೇಕು. ಪೇಂಟ್, ಅಂಟಿನ ವಾಸನೆ ಬಂದ್ರೆ ಪ್ಲೈವುಡ್ ಹುಡಿ ಇರಬಹುದು. ಆ ಹೊಗೆ ಮನೆಯೊಳಗೆ ಬೇಡವೇ ಬೇಡ.

ಬೂದಿ: ಇದೇ ದೊಡ್ಡ ಪರೀಕ್ಷೆ. ಅರ್ಧ ಕೆಜಿ ಪೂರ್ತಿ ಉರಿಸಿ, ತಣಿದ ಮೇಲೆ ಬೂದಿ ತೂಗಿ. ಇಎನ್‌ಪ್ಲಸ್ ಎ1 ದರ್ಜೆಗೆ ಮಿತಿ 0.7%, ಅಂದ್ರೆ ಮೂರೂವರೆ ಗ್ರಾಂ. ಮನೆ ಒಲೆಯಲ್ಲಿ ಅಷ್ಟು ಕರಾರುವಾಕ್ಕಾಗಿ ಬರೋದಿಲ್ಲ, ಹತ್ತು ಗ್ರಾಂ ಬಂದ್ರೂ ಬೇಸರ ಬೇಡ. ನನ್ನ 'ಶುದ್ಧ ಮರ' ಬಿಟ್ಟದ್ದು 60 ಗ್ರಾಂ! ಅದರಲ್ಲಿ ಉಮಿ ಸೇರಿತ್ತು ಅಂತ ನನ್ನ ಲೆಕ್ಕ. ಉಮಿಯಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು ಬೂದಿಯೇ.

ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡ್ಬೇಡಿ. ಮರ ಬದಲಾದ್ರೆ, ತೊಗಟೆ ಸೇರಿದ್ರೆ ಬಣ್ಣವೂ ಬದಲಾಗುತ್ತೆ. ಮತ್ತೆ, ಎಷ್ಟೇ ಒಳ್ಳೆಯದಾದ್ರೂ ಹೊಗೆ ಹೋಗಲು ದಾರಿ ಇಲ್ಲದ ಕೋಣೆಯಲ್ಲಿ ಉರಿಸ್ಬೇಡಿ.

ಇದನ್ನೆಲ್ಲ ನಾನು ವಿವರಿಸ್ತಾ ಇದ್ರೆ ಅಮ್ಮ ನಕ್ಕರು. "ಕಟ್ಟಿಗೆಗೂ ಇದೇ ಅಲ್ವಾ? ಎರಡು ತುಂಡು ಕುಟ್ಟಿದ್ರೆ 'ಟಣ್' ಅನ್ಬೇಕು. 'ಬದ್' ಅಂದ್ರೆ ಹಸಿ. ನೀನು ತರುವಾಗ ಕುಟ್ಟಿ ನೋಡಿದ್ಯಾ?"

ನೋಡಿರಲಿಲ್ಲ. ಆ್ಯಪ್‌ನಲ್ಲಿ ಸ್ಟಾರ್ ನೋಡಿದ್ದೆ.

ಎರಡನೇ ಸಲ ಬೇರೆ ಕಡೆಯಿಂದ ಮೊದಲು ಒಂದೇ ಕೆಜಿ ತರಿಸಿ ಪರೀಕ್ಷೆ ಮಾಡಿದೆ, ಪಾಸಾದ ಮೇಲೇ ಚೀಲ ತಂದದ್ದು. ಆದ್ರೆ ಅಜೆಕಾರಿನ ಮಳೆಗಾಲದ ಗಾಳಿಗೆ ಬಾಯಿ ತೆರೆದ ಚೀಲ ವಾರದಲ್ಲೇ ಮೆತ್ತಗಾಯ್ತು. ಅಮ್ಮ ಉಳಿದದ್ದನ್ನು ಹಪ್ಪಳದ ದೊಡ್ಡ ಡಬ್ಬಕ್ಕೆ ಸುರಿದು ಮುಚ್ಚಳ ಹಾಕಿದ್ರು.

ಈ ಜೂನ್‌ನಲ್ಲಿ ಫೋನ್ ಮಾಡಿದಾಗ ಕೆಮ್ಮು ಹೇಗಿದೆ ಅಂತ ಕೇಳಿದೆ. "ಕಮ್ಮಿ ಉಂಟು. ಹೊಸ ಚೀಲದ್ದು ನಾಲ್ಕು ನೀರಿಗೆ ಹಾಕಿದ್ದೇನೆ, ಇರು, ನೋಡಿ ಹೇಳ್ತೇನೆ" ಅಂತ ಫೋನ್ ಇಟ್ಟರು.