ಉಳ್ಳವರಿಗೇ ಇನ್ನಷ್ಟು... ಯಾಕೆ?

ಹೋದ ವಾರ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗಳು ಕೆಮಿಸ್ಟ್ರಿ ಪುಸ್ತಕ ಹಿಡಿದುಕೊಂಡು ಬಂದಳು. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ, ಈಗ ಫಸ್ಟ್ ಪಿಯುಸಿ ಸೈನ್ಸ್. "ಅಣ್ಣಾ, ಇದು ನನ್ನ ತಲೆಗೆ ಹತ್ತಲ್ಲ, ಕಾಮರ್ಸ್‌ಗೆ ಹೋಗ್ಬಿಡ್ತೀನಿ" ಅಂದಳು. ತೆರೆದಿದ್ದ ಪುಟ ಆಲ್ಕೀನುಗಳದ್ದು.

ನಿಮಗೂ ನೆನಪಿರಬಹುದು. ಎರಡು ಕಾರ್ಬನ್‌ಗಳ ನಡುವೆ ದ್ವಿಬಂಧ ಇದ್ದರೆ ಆಲ್ಕೀನ್. ಅದರಲ್ಲಿ ಒಂದು ಬಂಧ ಬಿಚ್ಚಿ, ಹೊರಗಿನಿಂದ ಬಂದವರು ಒಂದೊಂದು ಕಾರ್ಬನ್‌ಗೆ ಸೇರಿಕೊಂಡರೆ ಸಂಕಲನ ಕ್ರಿಯೆ. ಪ್ರೊಪೀನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದರೆ ಹೈಡ್ರೋಜನ್ ಎಲ್ಲಿಗೆ ಹೋಗುತ್ತೆ? ಮೊದಲೇ ಹೆಚ್ಚು ಹೈಡ್ರೋಜನ್ ಇರುವ ಕಾರ್ಬನ್‌ಗೆ. ಇದು ರಷ್ಯಾದ ಮಾರ್ಕೋವ್ನಿಕೋವ್ 1870ರ ಸುಮಾರಿಗೆ ಹೇಳಿದ ನಿಯಮ. "ಉಳ್ಳವರಿಗೇ ಇನ್ನಷ್ಟು" ಅಂತ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಅಷ್ಟನ್ನೇ ಉರು ಹೊಡೆದು ಸಿಇಟಿ ಬರೆದೆ, ಸೀಟೂ ಸಿಕ್ಕಿತು :)

ತಂಗಿ ಕೇಳಿದ್ದು ಒಂದೇ ಪ್ರಶ್ನೆ, "ಯಾಕೆ ಹಂಗೆ?" ನಾನು ಬೆಬ್ಬೆಬ್ಬೆ!

ರಾತ್ರಿ ಕೂತು ಓದಿದೆ. ಮೊದಲು ಬಂದು ಕೂರುವುದು ಹೈಡ್ರೋಜನ್ ಅಯಾನು. ಅದು ತುದಿಯ ಕಾರ್ಬನ್‌ಗೆ ಅಂಟಿದರೆ ಧನ ಆವೇಶ ನಡುವಿನ ಕಾರ್ಬನ್ ಮೇಲೆ ಬೀಳುತ್ತೆ. ಅದರ ಎರಡೂ ಪಕ್ಕದಲ್ಲಿ ಮೀಥೈಲ್ ಗುಂಪುಗಳಿದ್ದು, ಎಲೆಕ್ಟ್ರಾನ್ ಕೊಟ್ಟು ಆ ಭಾರ ಹಂಚಿಕೊಳ್ಳುತ್ತವೆ. ಹಾಗಾಗಿ ಅದೇ ಸುಲಭದ ದಾರಿ. ಆಮೇಲೆ ಬ್ರೋಮೈಡ್ ಬಂದು ನಡುವಿಗೆ ಸೇರುತ್ತೆ. ಅಷ್ಟೇ ಕಥೆ.

ನನ್ನಂಥ ಕೋಡ್ ಬರೆಯುವವನಿಗೆ ಇನ್ನೂ ಹಿಡಿಸಿದ್ದು ಮುಂದಿನ ಭಾಗ. ಅಮೆರಿಕದ ಖರಾಷ್ ಮತ್ತು ಮೇಯೊ ದ್ವಿಬಂಧವಿರುವ ಅಲೈಲ್ ಬ್ರೋಮೈಡ್‌ಗೆ ಇದೇ ಹೈಡ್ರೋಜನ್ ಬ್ರೋಮೈಡ್ ಸೇರಿಸಿದರೆ ಒಮ್ಮೆ ಒಂದು ಉತ್ತರ, ಇನ್ನೊಮ್ಮೆ ಇನ್ನೊಂದು. ಪಕ್ಕಾ ನಮ್ಮ "ನನ್ನ ಮಷೀನಲ್ಲಿ ಸರಿಯಾಗೇ ಓಡ್ತಿತ್ತಲ್ಲಾ" ಕೇಸು! ಗಾಳಿ ತಾಗಿ ಹುಟ್ಟಿದ ಚೂರು ಪೆರಾಕ್ಸೈಡೇ ಈ ಬಗ್‌ಗೆ ಕಾರಣ ಅಂತ ಅವರು 1933ರಲ್ಲಿ ಪ್ರಕಟಿಸಿದರು. ಪೆರಾಕ್ಸೈಡ್ ಇದ್ದರೆ ಹೈಡ್ರೋಜನ್ ಬದಲು ಬ್ರೋಮಿನ್ ಪರಮಾಣು ಮೊದಲು ಬರುತ್ತೆ. ಅದೂ ತುದಿಗೇ ಅಂಟುತ್ತೆ, ಯಾಕೆಂದರೆ ಒಂಟಿ ಎಲೆಕ್ಟ್ರಾನ್‌ಗೂ ನಡುವಿನ ಕಾರ್ಬನ್ನೇ ಹೆಚ್ಚು ಹಿತ. ಉತ್ತರ ಉಲ್ಟಾ ಆಯಿತು, ಆದರೆ ಕಾರಣ ಬದಲಾಗಲಿಲ್ಲ. ನಾನೋ ಇವೆರಡನ್ನೂ ಸಂಬಂಧವೇ ಇಲ್ಲದ ಎರಡು ನಿಯಮಗಳು ಅಂತ ಉರು ಹೊಡೆದಿದ್ದೆ.

ಬೆಳಗ್ಗೆ ಇದನ್ನೆಲ್ಲ ಕನ್ನಡದಲ್ಲೇ ಹೇಳಿದೆ. ಅರ್ಧಕ್ಕೇ ತಡೆದು, "ಹಂಗಾದ್ರೆ ಎಥಿಲೀನ್‌ಗೆ ಈ ನಿಯಮ ಬೇಕಾಗೇ ಇಲ್ಲ ಅಲ್ವಾ ಅಣ್ಣಾ? ಅದರ ಎರಡೂ ಕಾರ್ಬನ್ ಒಂದೇ ಥರ" ಅಂದಳು. ಹೌದಲ್ಲ!

ನಮ್ಮ ಕ್ಲಾಸುಗಳಲ್ಲಿ ನಿಯಮ ಹೇಳಲು ಟೈಮಿದೆ, ಕಾರಣ ಹೇಳಲು ಇಲ್ಲ. ಪೋರ್ಷನ್ ಮುಗಿಸಬೇಕು, ಪರೀಕ್ಷೆಗೆ ಕಾರಣ ಬೇಕಿಲ್ಲ, ಮೇಷ್ಟ್ರುಗಳನ್ನೊಬ್ಬರನ್ನೇ ಬೈದು ಪ್ರಯೋಜನವೂ ಇಲ್ಲ. ಆದರೆ "ಯಾಕೆ" ಅಂತ ಕೇಳಿದವಳು ತಾನೇ ದಡ್ಡಿ ಅಂದುಕೊಂಡಿದ್ದಾಳೆ, ಕೇಳದೇ ಇದ್ದ ನಾನು ಇಂಜಿನಿಯರ್ ಆಗಿದ್ದೀನಿ. ಇದು ಸರೀನಾ? ಹಳೇ ಪಿಯುಸಿ ಪಾಠ ನೆನಪಿರುವ ನಾವೆಲ್ಲ ಮನೆಯ ಒಂದು ಮಗುವಿಗಾದರೂ ಒಂದು "ಯಾಕೆ"ಯನ್ನು ಕನ್ನಡದಲ್ಲಿ ಬಿಡಿಸಿ ಹೇಳಬಹುದಲ್ವಾ?

ಅವಳು ಕಾಮರ್ಸ್ ವಿಷಯ ಇನ್ನೂ ಪೂರ್ತಿ ಬಿಟ್ಟಿಲ್ಲ. ಮುಂದಿನ ಭಾನುವಾರಕ್ಕೆ ಬೆಂಜೀನ್ ಓದಿಕೊಂಡು ಬಾ ಅಂತ ನನಗೇ ಹೋಂವರ್ಕ್ ಕೊಟ್ಟಿದ್ದಾಳೆ...