ರಕ್ಷಣೆಯ ವೆಚ್ಚ ಯಾರ ಬಾಬ್ತು?

2024ನೆಯ ಇಸವಿ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲದ ಹಾದಿಯಲ್ಲಿ ಹಿಮಗಾಳಿಗೆ ಸಿಲುಕಿ, ಕರ್ನಾಟಕದಿಂದ ಹೊರಟ ಚಾರಣ ತಂಡದ 9 ಮಂದಿ ಅಸುನೀಗಿದುದನ್ನು ವಾಚಕರು ಮರೆತಿರಲಾರರು. ಮಾರ್ಗದರ್ಶಕರೂ ಸೇರಿ 22 ಮಂದಿಯ ಆ ತಂಡದಲ್ಲಿ 13 ಮಂದಿ ಬದುಕಿ ಬಂದರು. ವಾಯುಪಡೆಯ ಹೆಲಿಕಾಪ್ಟರುಗಳು ಹಾರಿದುವು. ಕರ್ನಾಟಕದ ಕಂದಾಯ ಸಚಿವರು ಡೆಹ್ರಾಡೂನಿಗೆ ಧಾವಿಸಿದರು.

ಸ್ವಸಂತೋಷಕ್ಕಾಗಿ ಬೆಟ್ಟವೇರಿದವರ ಸಲುವಾಗಿ ಬೊಕ್ಕಸವೇಕೆ ಬರಿದಾಗಬೇಕು, ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವವರುಂಟು. ಈ ಮಾತು ಹುರುಳಿಲ್ಲದ್ದಲ್ಲ. ಹೆಲಿಕಾಪ್ಟರು ಪುಕ್ಕಟೆಯಾಗಿ ಹಾರುವುದಿಲ್ಲ. ಕೆಲವು ವರ್ಷಗಳ ನೆರೆ, ಭೂಕುಸಿತಗಳ ಕಾಲದ ಹಾರಾಟಕ್ಕೆಂದು 2024ರಲ್ಲಿ ಕೇಂದ್ರವು ಕೇರಳ ರಾಜ್ಯವನ್ನು 132 ಕೋಟಿ ರೂಪಾಯಿಗೂ ಮಿಕ್ಕಿ ಕೇಳಿತು. ಸರ್ಕಾರದ ಹಣವೆಂದರೆ, ಸಾಬೂನು ಕೊಳ್ಳುವಾಗಲೂ ತೆರಿಗೆ ತೆರುವ ಹೋಟೆಲು ಮಾಣಿಯ ಹಣವೂ ಹೌದು. ಹಿಮಾಲಯದ ಚಾರಣ ಅವನ ಸಂಬಳಕ್ಕೆ ಎಟುಕುವುದಲ್ಲ.

ಆದರೆ ಆ ಹಿಮವೇ ಕರಗಿ ಹರಿದು ಬರುವ ನಮ್ಮ ಕಾಶಿಯ ಘಟ್ಟದಲ್ಲಿ ನಿಂತು ಯೋಚಿಸೋಣ. ರಜೆಯ ದಿನ ಸ್ನಾನಕ್ಕಿಳಿದು ನಡುನೀರಿಗೆ ಈಜಿಹೋಗುವ ಹುಡುಗನೂ ಅಪಾಯವನ್ನು ತಾನಾಗಿ ಕರೆದವನೇ. ಅವನಿಗಾಗಿ ನೀರಿಗೆ ಧುಮುಕುವ ಅಂಬಿಗನು ಮೊದಲು ಕೂಲಿಯನ್ನು ಗೊತ್ತುಮಾಡಿಕೊಳ್ಳುವುದಿಲ್ಲ. ರಾಷ್ಟ್ರೀಯ ವಿಪತ್ತು ಪಡೆಯ 11ನೆಯ ದಳವೂ ಈ ಊರಿನಲ್ಲಿಯೇ ಇದೆ. ಪಾರಾದವನ ಕೈಗೆ ಸಾವಿರಾರು ರೂಪಾಯಿಗಳ ಬಿಲ್ಲು ಬರುವುದೆಂದಾದರೆ, ದಡದಲ್ಲಿರುವ ಗೆಳೆಯರು ಕೂಗಿ ಕರೆಯಲು ಅರೆಗಳಿಗೆ ಅನುಮಾನಿಸುವರು. ಆ ಅರೆಗಳಿಗೆಯಲ್ಲಿಯೇ ಪ್ರಾಣ ಹೋಗುವುದು.

ಅನ್ಯದೇಶಗಳಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಸ್ವಿಟ್ಜರ್ಲೆಂಡಿನ ‘ರೇಗಾ’ ಎಂಬ ವಿಮಾನ ರಕ್ಷಣಾ ಸಂಸ್ಥೆಗೆ ಜನರು ವರ್ಷಂಪ್ರತಿ ವಂತಿಗೆ ಕೊಡುತ್ತಾರೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನವು ಅಜಾಗರೂಕರಿಂದ ವೆಚ್ಚವನ್ನು ವಸೂಲುಮಾಡುವ ಕಾನೂನನ್ನು ಇಟ್ಟುಕೊಂಡಿದೆ; ಆದರೆ ಅಲ್ಪ ಶುಲ್ಕ ತೆತ್ತು ಮುಂಗಡವಾಗಿ ಚೀಟಿ ಪಡೆದವರನ್ನು ಸಾಮಾನ್ಯ ಅಜಾಗರೂಕತೆಯ ಹೊಣೆಯಿಂದ ಬಿಡುತ್ತದೆ.

ಆದುದರಿಂದ ಹಣವನ್ನು ಕೇಳಬೇಕಾದುದು ಪಾರಾಗಿ ಬಂದ ಮೇಲಲ್ಲ, ಹೊರಡುವ ಮೊದಲು. ಎತ್ತರದ ಚಾರಣಕ್ಕೆ ಅನುಮತಿ ಕೊಡುವಾಗಲೇ ವಿಮೆಯನ್ನು ಕಡ್ಡಾಯಗೊಳಿಸಿ, ಅದರ ಹೊಣೆಯನ್ನು ತಂಡ ಕಟ್ಟುವವರ ಮೇಲೆ ಹೊರಿಸಬೇಕು. ಜೊತೆಗೆ ನಡೆಯುವ ಬೆಟ್ಟದ ಕೂಲಿಯವನಿಗೂ ಆ ವಿಮೆ ದೊರೆಯಬೇಕು. ನಿಷೇಧವನ್ನು ತಿಳಿದೂ ಮೀರಿದವರಿಂದ ಮಾತ್ರ, ವಿಚಾರಣೆಯಾದ ಬಳಿಕ, ವೆಚ್ಚವನ್ನು ವಸೂಲುಮಾಡುವುದು ನ್ಯಾಯ. ಸ್ನಾನಘಟ್ಟದ ಬಡವನಿಗೆ ಇಂಥ ಶುಲ್ಕ ಸಲ್ಲದು. ಅವನನ್ನು ಎತ್ತುವ ಅಂಬಿಗನ ವಿಮೆಯನ್ನು ಸರ್ಕಾರವೇ ಭರಿಸಲಿ. ಮುಳುಗುತ್ತಿರುವವನ ಮುಂದೆ ಮಾತ್ರ ಯಾರೂ ಲೆಕ್ಕದ ಪುಸ್ತಕವನ್ನು ಬಿಚ್ಚಬಾರದು.