ಮುಧೋಳದ ನಾಯಿಗೆ ಓಡಲು ಬಯಲು ಬೇಕು

ಮುಧೋಳದ ಬೇಟೆನಾಯಿಯ ಕೀರ್ತಿಯನ್ನು ಕೊಂಡಾಡುವುದರಲ್ಲಿ ನಾವು ಕನ್ನಡಿಗರು ಹಿಂದೆ ಬಿದ್ದವರಲ್ಲ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಆದರದಿಂದ ಪೋಷಿಸಿದುದು, ಅವರಲ್ಲಿ ಮಾಲೋಜಿರಾಯರು ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಒಪ್ಪಿಸಿದುದು, 2005ರಲ್ಲಿ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದುದು, ತಿಮ್ಮಾಪುರದ ಶ್ವಾನ ಸಂಶೋಧನ ಕೇಂದ್ರದ ಮರಿಗಳು 2016ರಲ್ಲಿ ಮೀರತ್ತಿನ ಸೇನಾ ಕೇಂದ್ರವನ್ನು ಸೇರಿದುದು, ಇವೆಲ್ಲವೂ ನಮ್ಮ ಅಭಿಮಾನಕ್ಕೆ ಯೋಗ್ಯವಾದ ಸಂಗತಿಗಳೇ. ಆದರೆ ಆ ಕೀರ್ತಿಗೆ ಮನಸೋತು ಮರಿಯೊಂದನ್ನು ಕೊಂಡು ತಂದು, ನಗರದ ಮನೆಯ ಗೇಟಿನ ಬಳಿ ಸರಪಳಿಯಲ್ಲಿ ಬಿಗಿದು, ಎರಡು ಹೊತ್ತು ಅನ್ನವಿಕ್ಕಿದಲ್ಲಿಗೆ ತಮ್ಮ ಕರ್ತವ್ಯವು ತೀರಿತೆಂದು ಭಾವಿಸುವವರನ್ನು ಕಂಡಾಗ ನನಗೆ ತುಂಬ ವ್ಯಥೆಯಾಗುತ್ತದೆ. ಓಟವನ್ನೂ ಆಟವನ್ನೂ ದಿನದಿನವೂ ಒದಗಿಸಲಾರದವರು ಈ ನಾಯಿಯನ್ನು ಸಾಕತಕ್ಕುದಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ.

ಈ ಪ್ರಾಣಿಯ ದೇಹರಚನೆಯನ್ನು ಗಮನಿಸಿದವರಿಗೆ ನನ್ನ ಮಾತು ಕಠಿಣವೆಂದು ತೋರಲಾರದು. ಭುಜದವರೆಗೆ ಸುಮಾರು 70 ಸೆಂಟಿಮೀಟರು ಎತ್ತರ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಬಿಲ್ಲಿನಂತೆ ಬಾಗಿ ಚಿಮ್ಮುವ ಬೆನ್ನು, ಕೊಬ್ಬಿನ ಲೇಪವೇ ಇಲ್ಲದ ಮಾಂಸಖಂಡಗಳು, ಎಲ್ಲವೂ ವೇಗವೆಂಬ ಏಕಮಾತ್ರ ಉದ್ದೇಶಕ್ಕಾಗಿ ಕೂಡಿಬಂದಂತಿವೆ. ಪೂರ್ಣ ವೇಗದಲ್ಲಿ ಧಾವಿಸುವ ಈ ಜಾತಿಯ ನಾಯಿಯ ನಾಲ್ಕು ಪಾದಗಳೂ ಒಂದೊಂದು ದಾಪಿನಲ್ಲಿ ಎರಡೆರಡು ಬಾರಿ ನೆಲವನ್ನು ಬಿಟ್ಟಿರುತ್ತವೆ. ಕಾಲುಗಳು ಮುಂದಕ್ಕೂ ಹಿಂದಕ್ಕೂ ನೀಡಿದಾಗ ಒಮ್ಮೆ, ಹೊಟ್ಟೆಯಡಿ ಕೂಡಿಕೊಂಡಾಗ ಮತ್ತೊಮ್ಮೆ. ಇದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿ. ದೂರದಲ್ಲಿ ಏನೋ ಒಂದು ಸರಕ್ಕನೆ ಸರಿದೊಡನೆ ಅದರ ಸಮಸ್ತ ಚೇತನವೂ ಕಣ್ಣಿಗೆ ಬಂದು ನಿಲ್ಲುತ್ತದೆ, ಯಜಮಾನನ ಕೂಗು ಆಗ ಕಿವಿಗೆ ಬಿದ್ದರೂ ಮನಸ್ಸಿಗೆ ತಾಗುವುದಿಲ್ಲ. ಇಂತಹ ಪ್ರಾಣಿಯನ್ನು ಸದಾ ಕಟ್ಟಿಹಾಕಿದರೆ ಅದು ಬೇಲಿ ಹಾರಿ ಓಡಿತೆಂದೂ, ಹಾಸಿಗೆ ಹರಿಯಿತೆಂದೂ, ಇರುಳೆಲ್ಲ ಊಳಿಟ್ಟಿತೆಂದೂ ದೂರುವುದರಲ್ಲಿ ನ್ಯಾಯವೆಲ್ಲಿದೆ?

ಹಿಂದೆ ಇದರ ವೇಗಕ್ಕೆ ಉಪಯೋಗವಿತ್ತು. ಮೊಲದ ಬೆನ್ನಟ್ಟಿ ಬಯಲು ಬಯಲೇ ದಾಟುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆ ಬೇಟೆಯನ್ನು ನಿಷೇಧಿಸಿತು, ಹಾಗೆ ನಿಷೇಧಿಸಿದುದು ಸರ್ವಥಾ ಉಚಿತವೇ ಆಯಿತು. ಬೇಟೆಯೆಂಬ ಹೆಸರಿನಲ್ಲಿ ಇಂದಿಗೂ ಕದ್ದುಮುಚ್ಚಿ ಮೊಲದ ಮೇಲೆ ನಾಯಿಯನ್ನು ಬಿಡುವವರನ್ನು ಯಾರೂ ಸಮರ್ಥಿಸಲಾಗದು. ಆದರೆ ಕಾಯಿದೆಯು ಬೇಟೆಯನ್ನು ನಿಲ್ಲಿಸಿದರೂ, ತಲೆಮಾರುಗಳಿಂದ ರಕ್ತದಲ್ಲಿ ಹರಿದುಬಂದ ಓಟದ ಬಯಕೆಯನ್ನು ನಿಲ್ಲಿಸಲಿಲ್ಲವಷ್ಟೆ. ಆ ತೆರವನ್ನು ತುಂಬಬಲ್ಲುದು ಹುಸಿಬೇಟೆಯ ಆಟವೊಂದೇ. ಅಮೆರಿಕದ ಎಮರಿವಿಲ್ ಎಂಬಲ್ಲಿ 1919ರಲ್ಲಿಯೇ ಜೀವಂತ ಮೊಲದ ಬದಲು ಯಂತ್ರವು ಎಳೆಯುವ ಕೃತಕ ಮೊಲದ ಹಿಂದೆ ಗ್ರೇಹೌಂಡ್ ನಾಯಿಗಳನ್ನು ಓಡಿಸಿದರು. ಮುಂದೆ ಅದು ಜೂಜಿನ ಕೈಗೆ ಸಿಕ್ಕಿ, ಸೋತ ನಾಯಿಗಳ ಪಾಲಿಗೆ ಘೋರವೇ ಆಯಿತೆಂಬುದು ಬೇರೆಯ ಮಾತು. ಆ ಉಪಾಯವನ್ನು ಮಾತ್ರ ಸ್ವೀಕರಿಸಿ, ಜೂಜನ್ನು ದೂರವಿಡುವುದು ನಮ್ಮ ಕೈಯಲ್ಲಿಯೇ ಇದೆ.

ಮನೆಯ ಮಟ್ಟಿಗೆ ಇದಕ್ಕೆ ಯಂತ್ರವೇನೂ ಬೇಡ. ಆಳೆತ್ತರದ ಒಂದು ಬಿದಿರುಕೋಲಿನ ತುದಿಗೆ ಉದ್ದನೆಯ ಹಗ್ಗವನ್ನು ಕಟ್ಟಿ, ಹಗ್ಗದ ಕೊನೆಗೆ ಬಟ್ಟೆಯ ಚೂರನ್ನು ಬಿಗಿದರೆ ಸಾಕು. ನಾಯಿಯ ಕಣ್ಣಿಗೆ ಕೆಂಪು ಹಸುರುಗಳ ಭೇದ ಚೆನ್ನಾಗಿ ತಿಳಿಯುವುದಿಲ್ಲವಾದ್ದರಿಂದ, ಹುಲ್ಲಿನ ಮೇಲೆ ಆಡಿಸುವಾಗ ಬಿಳಿಯ ಅಥವಾ ನೀಲಿಯ ಬಟ್ಟೆಯೇ ಲೇಸು. ಬಟ್ಟೆಯು ನೆಲವನ್ನು ಸವರುತ್ತ ವಿಶಾಲವಾದ ವೃತ್ತದಲ್ಲಿ ಓಡಬೇಕೇ ಹೊರತು ಗಾಳಿಯಲ್ಲಿ ಹಾರಬಾರದು. ವಿಶೇಷವಾಗಿ ಎಲುಬು ಬಲಿಯದ, ವರ್ಷ ತುಂಬದ ಮರಿಯನ್ನು ಎಗರಿಸುವುದೂ ಥಟ್ಟನೆ ತಿರುಗಿಸುವುದೂ ಜೀವಮಾನದ ಕುಂಟಿಗೆ ಕಾರಣವಾಗಬಹುದು. ಅಟ್ಟಿದ ನಾಯಿಗೆ ಕೊನೆಗೆ ಬಟ್ಟೆಯನ್ನು ಹಿಡಿಯಲು ಬಿಡತಕ್ಕದ್ದು. ಎಂದೆಂದಿಗೂ ಕೈಗೆಟುಕದ ಗುರಿಯು ಯಾವ ಜೀವಿಯನ್ನಾದರೂ ಹತಾಶಗೊಳಿಸುತ್ತದೆ.

ಇದೇ ಆಟದೊಳಗೆ ಶಿಕ್ಷಣವೂ ಅಡಗಿದೆ ಎಂಬುದನ್ನು ಬಹುಮಂದಿ ಅರಿಯರು. ಓಡುವ ಮುನ್ನ "ನಿಲ್ಲು" ಎಂದು ಕ್ಷಣಕಾಲ ತಡೆದು, ನಿಂತೊಡನೆ "ಹೋಗು" ಎಂದು ಬಿಟ್ಟರೆ, ಆ ಬಿಡುಗಡೆಯೇ ಅದಕ್ಕೆ ಬಹುಮಾನವಾಗುತ್ತದೆ. ಹಿಡಿದ ಬಟ್ಟೆಯನ್ನು ಬಾಯಿಂದ ಕಿತ್ತುಕೊಳ್ಳದೆ, ಬೇಯಿಸಿದ ಕೋಳಿಮಾಂಸದ ತುಣುಕನ್ನು ಮೂಗಿನ ಬಳಿ ಹಿಡಿದು "ಬಿಡು" ಎಂದು ಹೇಳಿ, ಬಿಟ್ಟೊಡನೆ ತುಣುಕನ್ನು ಕೊಟ್ಟು ಮತ್ತೆ ಆಟವನ್ನು ಆರಂಭಿಸಿದರೆ, ಬಿಟ್ಟುಕೊಟ್ಟುದರಿಂದ ತನಗೆ ನಷ್ಟವೇನೂ ಇಲ್ಲವೆಂದು ಅದು ಬಲುಬೇಗ ಕಲಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಕರೆದಾಗ ಬರುವ ಪಾಠ. ಮನೆಯವರು ಇಬ್ಬರೋ ಮೂವರೋ ಅಂಗಳದ ಬೇರೆ ಬೇರೆ ಮೂಲೆಗಳಲ್ಲಿ ನಿಂತು, ಒಬ್ಬರಾದ ಮೇಲೊಬ್ಬರು ಹೆಸರು ಹಿಡಿದು ಕೂಗಿ, ಬಂದೊಡನೆ ಮುದ್ದಿಸಿ ತಿನಿಸು ಕೊಡುತ್ತ, ದಿನದಿಂದ ದಿನಕ್ಕೆ ದೂರವನ್ನು ಹೆಚ್ಚಿಸುವುದು ಮಕ್ಕಳಿಗೂ ಪ್ರಿಯವಾದ ಆಟ. ಕಣ್ಣನ್ನು ನಂಬುವ ಪ್ರಾಣಿಯಾದ್ದರಿಂದ ಕೂಗಿನೊಡನೆ ತೋಳನ್ನು ಅಗಲಿಸುವ ಸಂಜ್ಞೆಯೊಂದನ್ನು ಸೇರಿಸಿದರೆ ದೂರದಿಂದಲೂ ಅದು ಅರ್ಥಮಾಡಿಕೊಳ್ಳುತ್ತದೆ. ತಡವಾಗಿ ಬಂದಿತೆಂದು ಒಮ್ಮೆ ಹೊಡೆದಿರೋ, ಬರುವುದೇ ಅಪಾಯವೆಂದು ತಿಳಿಯುತ್ತದೆ. ಮುಧೋಳದ ನಾಯಿಯು ಸಂಕೋಚದ ಸ್ವಭಾವದ್ದು, ಒರಟು ಕೈಯನ್ನು ಸಹಿಸದು. ದೊಣ್ಣೆಯಿಂದ ಕಲಿಸುತ್ತೇವೆನ್ನುವವರು ಅದನ್ನು ಹೇಡಿಯನ್ನಾಗಿ ಮಾಡುತ್ತಾರೆ, ಇಲ್ಲವೆ ಕಚ್ಚುವಂತೆ ಮಾಡುತ್ತಾರೆ.

ಮಳೆಗಾಲದಲ್ಲಿ ಹೊರಗೆ ಹೋಗಲಾಗದ ದಿನಗಳಿಗೂ ಆಟಗಳುಂಟು. ಹಳೆಯ ಬಟ್ಟೆಗಳ ಮಡಿಕೆಗಳಲ್ಲಿ ರೊಟ್ಟಿಯ ಚೂರುಗಳನ್ನು ಅಡಗಿಸಿ ಹುಡುಕಲು ಬಿಡಬಹುದು, ಮನೆಯವರೇ ಬಾಗಿಲ ಹಿಂದೆ ಅವಿತು ಕರೆಯಬಹುದು. ಮೂಗಿಗೆ ಕೊಟ್ಟ ಕೆಲಸವು ನಾಯಿಯನ್ನು ಆಶ್ಚರ್ಯಪಡುವಷ್ಟು ದಣಿಸುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು: ವಿಜಯಪುರ ಬಾಗಲಕೋಟೆಗಳ ಸೀಮೆಯಲ್ಲಿ ದ್ರಾಕ್ಷಿಯು ಸಮೃದ್ಧವಾಗಿ ಬೆಳೆಯುತ್ತದೆಂದು ದ್ರಾಕ್ಷಿಯನ್ನಾಗಲಿ ಒಣದ್ರಾಕ್ಷಿಯನ್ನಾಗಲಿ ತಿನಿಸಾಗಿ ಕೊಡಲೇಬಾರದು, ಅದು ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲ ವಿಷ. ಉಂಡೊಡನೆ ಓಡಿಸುವುದೂ ಅಪಾಯಕರವೇ, ಏಕೆಂದರೆ ಆಳವಾದ ಎದೆಯ ನಾಯಿಗಳಲ್ಲಿ ಜಠರವು ಉಬ್ಬಿ ತಿರುಚಿಕೊಂಡು ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುವುದುಂಟು. ಬಿಸಿಲೇರುವ ಮುನ್ನ ಅಥವಾ ಇಳಿದ ಮೇಲೆ, ಕೆಲವೇ ನಿಮಿಷಗಳ ತೀವ್ರವಾದ ಓಟ, ಅನಂತರ ನೀರು ಮತ್ತು ನೆರಳು, ಇಷ್ಟೇ ಅದಕ್ಕೆ ಬೇಕಾದುದು. ತಲೆಯು ಕಿರಿದಾಗಿರುವುದರಿಂದ ಸಾಮಾನ್ಯ ಕೊರಳಪಟ್ಟಿಯಿಂದ ಇದು ಸುಲಭವಾಗಿ ನುಸುಳಿಕೊಳ್ಳುತ್ತದೆ. ಬೀದಿಯಲ್ಲಿ ನಡೆಸುವಾಗ ಅಗಲವಾದ ಪಟ್ಟಿಯನ್ನೋ ಎದೆಪಟ್ಟಿಯನ್ನೋ ಉಪಯೋಗಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಓಡಿಸುವುದೆಲ್ಲಿ ಎಂಬ ಪ್ರಶ್ನೆಯು ಉಳಿಯುತ್ತದೆ. ವಾಹನಗಳಿಂದ ತುಂಬಿದ ಬೀದಿಗಳಲ್ಲಿ ಹಗ್ಗ ಬಿಚ್ಚುವುದು ನಾಯಿಗೂ ಜನರಿಗೂ ಹಾನಿಕರ. ಆದ್ದರಿಂದ ನಗರಸಭೆಗಳು ಬೇಲಿಯುಳ್ಳ ಮೈದಾನವೊಂದನ್ನು ಮುಂಜಾನೆಯ ಒಂದು ಗಂಟೆಯ ಕಾಲ, ಲಸಿಕೆಯ ಪತ್ರವುಳ್ಳ ನಾಯಿಗಳಿಗೆ, ಮಲವನ್ನು ಯಜಮಾನನೇ ಎತ್ತಬೇಕೆಂಬ ಕಟ್ಟುಪಾಡಿನೊಡನೆ ಬಿಟ್ಟುಕೊಡಬೇಕೆಂದು ಕೇಳುವುದು ಅತಿಯಾಸೆಯಲ್ಲ. ಮುಧೋಳದ ಸುತ್ತಣ ಹಳ್ಳಿಗಳಲ್ಲಿ ಮರಿಗಳನ್ನು ಬೆಳೆಸಿ ಮಾರುವುದನ್ನೇ ಜೀವನೋಪಾಯವಾಗಿಸಿಕೊಂಡ ಕುಟುಂಬಗಳಿವೆ. ಕೊಳ್ಳಬಂದವನಿಗೆ ಮರಿಯ ವಂಶವನ್ನು ಹೇಳುವಾಗಲೇ ನಿಮ್ಮ ಊರಿನಲ್ಲಿ ಇದು ಓಡುವುದೆಲ್ಲಿ ಎಂದು ಅವರು ಕೇಳಲಿ, ಸಮರ್ಪಕವಾದ ಉತ್ತರ ಬಾರದಿದ್ದರೆ ಮರಿಯನ್ನು ಕೊಡದೆ ಕಳುಹಿಸಲಿ. ತಿಮ್ಮಾಪುರದ ಕೇಂದ್ರವು ವರ್ಷಕ್ಕೊಮ್ಮೆ, ಚಳಿಗಾಲದ ಬೆಳಗಿನಲ್ಲಿ, ಪಣವೂ ಪ್ರವೇಶಧನವೂ ಇಲ್ಲದ ಹುಸಿಬೇಟೆಯ ಕೂಟವನ್ನು ಏರ್ಪಡಿಸಿ, ಪಶುವೈದ್ಯರ ಸಮಕ್ಷಮದಲ್ಲಿ ಸಾಕುವವರಿಗೆ ಈ ಆಟಗಳನ್ನು ಕಲಿಸುವ ಭಾರವನ್ನು ವಹಿಸಿಕೊಂಡರೆ, ಈ ನಾಯಿಯನ್ನು ನಂಬಿ ಬದುಕುವ ಆ ಕುಟುಂಬಗಳಿಗೂ ಅದರಿಂದ ಪ್ರಯೋಜನವಾದೀತು.